ಭರವಸೆ ಇಟ್ಟವರು, ಕೊಟ್ಟವರು

ನಮ್ಮ ಗೋಕಾಕದಿಂದ ಗೋವಾ ಬಹಳ ದೂರ ಏನಲ್ಲ. ಬೆಳಗಾವಿ ದಾಟಿ ಚೋರ್ಲಾ ಘಾಟ್ ಇಳಿದರೆ ಬಂತು. ಹೀಗಾಗಿ 2025ರ ನವೆಂಬರಿನಲ್ಲಿ ಚೆಸ್ ವಿಶ್ವಕಪ್ ಗೋವಾದಲ್ಲೇ ನಡೆಯುತ್ತದೆ ಅಂತ ಗೊತ್ತಾದಾಗ ನಾವು ನಾಲ್ಕು ಮಂದಿ ಗೆಳೆಯರು ಜಿಗಿದಾಡಿಬಿಟ್ಟೆವು. ನಾನು ಬೆಂಗಳೂರಿನ ಆಫೀಸಿಗೆ ರಜೆ ಹಾಕಿದೆ. ಔಷಧಿ ಅಂಗಡಿ ಇಟ್ಟ ಗೆಳೆಯ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿದ. ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವವನು ಶಿಫ್ಟ್ ಬದಲಿಸಿಕೊಂಡ. ಪ್ರೈಮರಿ ಶಾಲೆಯ ಮಾಸ್ತರ ಗೆಳೆಯ ಎರಡು ಕಿಲೋ ಕರದಂಟು ತಂದಿಟ್ಟ. "ಗುಕೇಶನ ಕೈಯಾಗ ಕೊಟ್ಟ ಬರೂಣು, ತಮಿಳುನಾಡಿನವರಿಗೂ ಗೊತ್ತಾಗಲಿ ಗೋಕಾಕ ಅಂದ್ರ ಏನಂತ" ಎಂಬುದು ಅವನ ಆಸೆ.

ನಮ್ಮ ಲೆಕ್ಕ ಸರಳ ಇತ್ತು. 206 ಆಟಗಾರರು, ಸೋತವರು ಸೋತಲ್ಲೇ ಮನೆಗೆ. ಆದರೂ ವಿಶ್ವ ಚಾಂಪಿಯನ್ ಎಂಟರ ಘಟ್ಟಕ್ಕಾದರೂ ಬಂದೇ ಬರುತ್ತಾನೆ. ಅದಕ್ಕೇ ಆ ದಿನಗಳಿಗೆ ಸರಿಯಾಗಿ ರಜೆ. ಗುಕೇಶ್ ಮಾತ್ರ ಮೂರನೇ ಸುತ್ತಿನಲ್ಲೇ ಜರ್ಮನಿಯ ಫ್ರೆಡೆರಿಕ್ ಸ್ವಾನೆಗೆ ಸೋತುಬಿಟ್ಟ. ರಜೆ ಉಳಿಯಿತು, ಕಾರಿನವನಿಗೆ ಕೊಟ್ಟ ಮುಂಗಡ ಹೋಯಿತು. ಕರದಂಟನ್ನು ಘಟಪ್ರಭಾ ದಂಡೆಯ ಮೇಲೆ ಕುಂತು ನಾವೇ ತಿಂದೆವು. ತಿನ್ನುತ್ತ ತಿನ್ನುತ್ತ ಜಗಳ ಸುರುವಾಯಿತು.

"ಸಿಂಗಾಪುರದಾಗ ಗೆದ್ದದ್ದೂ ಹಂಗ ಅಲ್ಲೇನು? ಡಿಂಗ್ ತನ್ನ ಕೈಯಾರೆ ಕೊಟ್ಟ, ಇವ ತೊಗೊಂಡ. ಪುಕ್ಕಟೆ ಸಿಕ್ಕಿದ್ದು ಎಷ್ಟ ದಿನ ಉಳೀತದ?" ಅಂದ ಸಕ್ಕರೆ ಕಾರ್ಖಾನೆಯವ.

"ಲೇ, ಐವತ್ತೈದು ನಡಿ ತನಕಾ ಅವನ್ನ ಬಿಡದಂಗ ಕುಂದ್ರಿಸಿದವ ಯಾರು? ನಿಮ್ಮಪ್ಪೇನು?" ಅಂದ ಔಷಧಿ ಅಂಗಡಿಯವ.

ಚೆಸ್ ಆಡದ ಓದುಗರಿಗಾಗಿ ಆ ಆಟದ ಬಗ್ಗೆ ಎರಡು ಮಾತು. 2024ರ ಡಿಸೆಂಬರ್ 12, ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೇ, ಅಂದರೆ ಕೊನೆಯ ಆಟ. ಅಲ್ಲಿತನಕ ಗುಕೇಶ್ ಮತ್ತು ಚೀನಾದ ಡಿಂಗ್ ಲಿರೆನ್ ಇಬ್ಬರದೂ ಆರೂವರೆ ಪಾಯಿಂಟ್. ಡ್ರಾ ಆದರೆ ಮರುದಿನ ವೇಗದ ಆಟಗಳು, ಅದರಲ್ಲಿ ಡಿಂಗ್ ಕೈ ಮೇಲು ಅನ್ನುವುದು ಬಹಳ ಜನರ ಅಂದಾಜು. ಕೊನೆಗೆ ಬೋರ್ಡಿನ ಮೇಲೆ ಇಬ್ಬರ ಹತ್ತಿರವೂ ಒಂದೊಂದು ಆನೆ, ಒಂದೊಂದು ಒಂಟೆ ಉಳಿದವು. ಗುಕೇಶನಿಗೆ ಎರಡು ಪ್ಯಾದೆ, ಡಿಂಗನಿಗೆ ಒಂದು. ಒಂದು ಪ್ಯಾದೆ ಹೆಚ್ಚಿದ್ದರೂ ಎಲ್ಲಾ ಒಂದೇ ಕಡೆ ಇದ್ದವು. ಸರಿಯಾಗಿ ಕಾದರೆ ಡ್ರಾ. ಕಂಪ್ಯೂಟರ್ ಎಂಜಿನ್ನೂ ಸೊನ್ನೆ ಸೊನ್ನೆ ಅಂತಲೇ ತೋರಿಸುತ್ತಿತ್ತು.

ಅಷ್ಟರಲ್ಲಿ ಡಿಂಗ್ ತನ್ನ ಆನೆಯನ್ನು ಹಿಂದಕ್ಕೆ ತಂದು, ಆನೆಗೆ ಆನೆ ಬದಲಿ ಮಾಡಿಕೊಳ್ಳೋಣ ಬಾ ಅಂದ. ಅವನ ಒಂಟೆ ಮೂಲೆಯ ಮನೆಯಲ್ಲಿ ನಿಂತಿತ್ತು, ಅದನ್ನು ಮರೆತಿದ್ದ. ಆನೆಗಳು ಹೋದ ಕೂಡಲೇ ಗುಕೇಶ್ ತನ್ನ ಒಂಟೆಯನ್ನು ಅದೇ ಕರ್ಣದ ಮೇಲೆ ತಂದು ನಿಲ್ಲಿಸಿದ. ಮೂಲೆಯಲ್ಲಿದ್ದ ಒಂಟೆಗೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ, ಅದೂ ಬದಲಿಯಾಗಲೇಬೇಕು. ಉಳಿದದ್ದು ಬರೀ ರಾಜರು, ಪ್ಯಾದೆಗಳು. ಅಲ್ಲಿ ಒಂದು ಪ್ಯಾದೆ ಹೆಚ್ಚಿದ್ದವನೇ ಗೆದ್ದ. ಐವತ್ತೆಂಟನೇ ನಡೆಗೆ ಡಿಂಗ್ ಕೈ ಕೊಟ್ಟ. ಹದಿನೆಂಟು ವರ್ಷದ ಹುಡುಗ ಅಳುತ್ತ ಅಳುತ್ತ ಎಲ್ಲಾ ಕಾಯಿಗಳನ್ನು ಮೊದಲಿದ್ದ ಜಾಗದಲ್ಲಿ ಒಂದೊಂದಾಗಿ ಜೋಡಿಸಿಟ್ಟ. 1985ರಲ್ಲಿ ಕಾಸ್ಪರೋವ್ ಚಾಂಪಿಯನ್ ಆದಾಗ ಅವನಿಗೆ 22 ವರ್ಷ. ಆ ದಾಖಲೆ ಅವತ್ತು ಮುರಿಯಿತು.

ಹನ್ನೊಂದು ವರ್ಷದವನಿದ್ದಾಗಲೇ ಗುಕೇಶ್ ಕ್ಯಾಮೆರಾ ಮುಂದೆ, ಎಲ್ಲರಿಗಿಂತ ಕಿರಿಯ ವಿಶ್ವ ಚಾಂಪಿಯನ್ ಆಗಬೇಕು ಅಂತ ಹೇಳಿದ್ದ. ಏಳು ವರ್ಷದಲ್ಲಿ ಮಾತು ನಡೆಸಿದ. ನಡೆಸಿ ಒಂದು ವರ್ಷ ತುಂಬುವ ಮೊದಲೇ ನಮ್ಮ ಸಕ್ಕರೆ ಕಾರ್ಖಾನೆಯವ ಘಟಪ್ರಭೆಯ ದಂಡೆಯ ಮೇಲೆ ಕುಂತು "ಮುಗೀತು ಬಿಡ ಅವಂದು" ಅಂತಾನೆ, ಅದೂ ಗುಕೇಶನಿಗೆ ತಂದ ಕರದಂಟು ತಿನ್ನುತ್ತ!

ಪುಕ್ಕಟೆ ಸಿಕ್ಕಿತು ಅನ್ನುವುದಕ್ಕೆ ಮಾಸ್ತರ ಗೆಳೆಯ ಚಲೋ ಉತ್ತರ ಕೊಟ್ಟ. "ಗಾಣದಾಗ ನೋಡೀರಿಲ್ಲೊ? ಹಾಲ ಹಿಂಡಿದ ಕಬ್ಬ ಮಡಚಿ ಮತ್ತೊಮ್ಮೆ ಕೊಡ್ತಾರ. ಒಣಗಿದಂಗ ಕಾಣತದ, ಆದ್ರೂ ಅರ್ಧ ಗ್ಲಾಸ ಬರತದ. ಆ ಅರ್ಧ ಗ್ಲಾಸ ಪುಕ್ಕಟಿ ಅಲ್ಲ, ಮಡಚಿ ಕೊಟ್ಟವನ ಕಷ್ಟದ್ದು." ಡ್ರಾ ಅಂತ ಎಲ್ಲರಿಗೂ ಗೊತ್ತಿದ್ದ ಆಟವನ್ನು ಗುಕೇಶ್ ಹಾಗೇ ಮಡಚಿ ಮಡಚಿ ಕೊಟ್ಟ. ಎದುರಿನವನ ಗಡಿಯಾರದಲ್ಲಿ ಸಮಯ ಕಡಿಮೆ ಇತ್ತು, ತಲೆ ದಣಿದಿತ್ತು. ಎಂಜಿನ್ನಿಗೆ ದಣಿವಿಲ್ಲ, ಅದಕ್ಕೇ ಅದರ ಸೊನ್ನೆ ಬೇರೆ, ಮನುಷ್ಯರ ಸೊನ್ನೆ ಬೇರೆ.

ಜಗಳ ಅಲ್ಲಿಗೇ ನಿಂತಿದ್ದರೆ ನಾನು ಈ ಸಲದ ಅಂಕಣಕ್ಕೆ ಬೇರೆ ವಿಷಯ ಹುಡುಕುತ್ತಿದ್ದೆ. ಏಳುವ ಹೊತ್ತಿಗೆ ಔಷಧಿ ಅಂಗಡಿಯವ ನನ್ನ ಕಡೆ ತಿರುಗಿ, "ನೀನೂ ಹಂಗ ಮಾಡಿದಿ ನೋಡು. ಎಷ್ಟ ಭರವಸಾ ಇತ್ತು ನಿನ್ನ ಮ್ಯಾಲ" ಅಂದುಬಿಟ್ಟ.

ನಮ್ಮ ಅವ್ವ ಇನ್ನೂ ಟ್ರಂಕಿನಲ್ಲಿ ಇಟ್ಟಿರುವ ಪೇಪರಿನ ತುಣುಕೊಂದಿದೆ. ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲು, ನನ್ನ ಹೆಸರಿನ ಹಿಂದೆ 'ಭರವಸೆಯ ಆಟಗಾರ' ಅಂತ ಇದೆ. ಆಗ ನನಗೆ ಹದಿಮೂರು ವರ್ಷ. ಈಗ ಆ ಶಬ್ದ ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಕನ್ನಡದಲ್ಲಿ ಭರವಸೆಯನ್ನು ಕೊಡಬಹುದು, ಇಡಲೂಬಹುದು. ಕೊಡುವವನು ಒಬ್ಬ, ಇಡುವವರು ಹತ್ತು ಮಂದಿ. 'ಭರವಸೆಯ ಆಟಗಾರ' ಅಂದಾಗ ಕೊಟ್ಟವರಾರು, ಇಟ್ಟವರಾರು? ನಾನಂತೂ ಯಾರಿಗೂ ಏನೂ ಕೊಟ್ಟ ನೆನಪಿಲ್ಲ. ಇಟ್ಟವರು ಮಾತ್ರ ಹದಿನೈದು ವರ್ಷದಿಂದ ಬಾಕಿ ಕೇಳುತ್ತಲೇ ಇದ್ದಾರೆ.

ಗುಕೇಶ್ ಸ್ವತಃ ಕೊಟ್ಟಿದ್ದ, ತೀರಿಸಿದ. ಎಲ್ಲರ ಕಥೆ ಹಾಗಿರುವುದಿಲ್ಲ.

ದಿಲ್ಲಿಯ ಪರಿಮಾರ್ಜನ್ ನೇಗಿ 2006ರಲ್ಲಿ ಹದಿಮೂರು ವರ್ಷ ನಾಲ್ಕು ತಿಂಗಳಿಗೇ ಗ್ರಾಂಡ್‌ಮಾಸ್ಟರ್ ಆದಾಗ ಜಗತ್ತಿನಲ್ಲಿ ಅವನಿಗಿಂತ ಚಿಕ್ಕ ವಯಸ್ಸಿಗೆ ಆದವನು ಆಗ ಯುಕ್ರೇನಿನ ಪರ ಆಡುತ್ತಿದ್ದ ಕರ್ಯಾಕಿನ್ ಒಬ್ಬನೇ. ಮುಂದಿನ ಆನಂದ್ ಇವನೇ ಅಂತ ಎಲ್ಲರೂ ಬರೆದರು. 2014ರಲ್ಲಿ ನಾರ್ವೆಯ ಟ್ರೊಮ್ಸೊ ಒಲಿಂಪಿಯಾಡಿನಲ್ಲಿ ಭಾರತ ಕಂಚು ಗೆದ್ದಾಗ ಮೊದಲ ಬೋರ್ಡಿನಲ್ಲಿ ಆಡಿದವನು ಅವನೇ. ಆಮೇಲೆ ಸ್ಟ್ಯಾನ್‌ಫರ್ಡ್ ಸೇರಿ ಗಣಿತ ಓದಿದ, ಎಂಐಟಿಯಲ್ಲಿ ಕಂಪ್ಯೂಟರ್ ವಿಜ್ಞಾನದ ಸಂಶೋಧನೆಗೆ ಹೋದ, ಟೂರ್ನಿಗಳಿಂದ ದೂರವಾದ. ಇವತ್ತಿಗೂ ಅವನ ಹೆಸರು ಬಂದರೆ "ಪ್ರತಿಭೆ ಹಾಳಾತು" ಅನ್ನುವವರಿದ್ದಾರೆ. ಎಂಐಟಿಗೆ ಹೋದವನು ಹಾಳಾದ ಅನ್ನಬೇಕಾದರೆ ನಾವು ಎಂಥ ಅಭಿಮಾನಿಗಳು ಇರಬೇಕು ನೋಡಿ.

ನಮ್ಮ ಮೈಸೂರಿನವರೇ ಇಬ್ಬರ ವಿಷಯ ಹೇಳುತ್ತೇನೆ. ಗಿರೀಶ್ ಕೌಶಿಕ್ 2007ರಲ್ಲಿ ಹತ್ತು ವರ್ಷದೊಳಗಿನವರ ವಿಶ್ವ ಚಾಂಪಿಯನ್. ಗ್ರಾಂಡ್‌ಮಾಸ್ಟರ್ ಆದದ್ದು 2019ರಲ್ಲಿ. ನಡುವೆ ಹನ್ನೆರಡು ವರ್ಷ. ಇನ್ನೊಬ್ಬರು ಎಂ.ಎಸ್. ತೇಜ್‌ಕುಮಾರ್, ರೈಲ್ವೆ ನೌಕರಿ ಮಾಡುತ್ತ ಆಡಿದವರು. ಕರ್ನಾಟಕದ ಮೊಟ್ಟಮೊದಲ ಗ್ರಾಂಡ್‌ಮಾಸ್ಟರ್ ಅವರೇ. ಆ ಪದವಿ ಬಂದದ್ದು 2017ರಲ್ಲಿ, ಆಗ ಅವರಿಗೆ ಮೂವತ್ತಾರು ವರ್ಷ. ಗುಕೇಶ್ ಅದೇ ಪದವಿ ತೆಗೆದುಕೊಂಡಾಗ ಹನ್ನೆರಡು ವರ್ಷ ಏಳು ತಿಂಗಳು. ಮೂವತ್ತಾರರವರ ಮೇಲೆ ಕೊನೆಕೊನೆಗೆ ಎಷ್ಟು ಮಂದಿ ಭರವಸೆ ಇಟ್ಟಿದ್ದರೋ ಏನೋ. ಭರವಸೆ ಇಡುವವರಿಗೆ ಅವಸರ ಜಾಸ್ತಿ, ಆಡುವವರಿಗೆ ಅಷ್ಟು ಅವಸರ ಇರಬೇಕಂತಿಲ್ಲ.

ಇದೆಲ್ಲ ಬರೀ ಹರಟೆ ಆಗಿ ಉಳಿಯಲಿಲ್ಲ. ಮರುದಿನ ಬೆಳಿಗ್ಗೆ ಮೂಡಲಗಿಯಿಂದ ಅಕ್ಕನ ಫೋನ್ ಬಂತು. "ನೀ ಬೆಂಗಳೂರಿಗೆ ಹೋಗೂದರಾಗ ಇಲ್ಲಿಗೆ ಬಂದ ಹೋಗು. ನಿಮ್ಮ ಮಾವಾರ ತಲಿಯಾಗ ಏನೋ ಹೊಕ್ಕೇತಿ."

ಅಕ್ಕನ ಮಗನಿಗೆ ಹನ್ನೊಂದು ವರ್ಷ, ಆರನೇ ಇಯತ್ತೆ. ಐದು ವರ್ಷದವನಿದ್ದಾಗ ನಾನೇ ಅವನಿಗೆ ಕಾಯಿ ನಡೆಸಲು ಕಲಿಸಿದ್ದು. ಈಗ ನನ್ನನ್ನು ಹತ್ತರಲ್ಲಿ ಏಳು ಸಲ ಸೋಲಿಸುತ್ತಾನೆ. ಶಾಲೆಯ ಟೂರ್ನಿಯಲ್ಲಿ ಗೆದ್ದಿದ್ದಾನೆ, ಬೆಳಗಾವಿಯಲ್ಲೂ ಆಡಿ ಬಂದಿದ್ದಾನೆ. ಮಾವಾರು ಹುಡುಗನ ಶಾಲೆ ಬಿಡಿಸಿ, ಬೆಂಗಳೂರಿನ ನನ್ನ ರೂಮಿನಲ್ಲಿಟ್ಟು, ದಿನಪೂರ್ತಿ ಚೆಸ್ ಕಲಿಸಬೇಕು ಅಂತ ನಿಶ್ಚಯ ಮಾಡಿದ್ದರು. ಪರೀಕ್ಷೆ ಹೊರಗಿನಿಂದ ಬರೆದರಾಯಿತಂತೆ.

"ಗುಕೇಶ ನಾಕನೇ ಇಯತ್ತೆಕ್ಕ ಸಾಲಿ ಬಿಟ್ಟ. ನಾವು ಆಗಲೇ ಎರಡ ವರ್ಷ ತಡಾ ಮಾಡೇವಿ" ಅಂದರು ಮಾವಾರು. ಆ ವಾರದಲ್ಲಿ ಅವರ ಗಂಟಲು ಕೂತಿತ್ತು. ಗುರ್ಲಾಪುರ ಕ್ರಾಸಿನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಬೇಕು ಅಂತ ರೈತರು ಕುಂತಿದ್ದರಲ್ಲ, ಅಲ್ಲಿ ಇವರೂ ಘೋಷಣೆ ಕೂಗಿ ಬಂದಿದ್ದರು. ಕೊನೆಗೆ ನವೆಂಬರ್ 7ಕ್ಕೆ ಸರ್ಕಾರ 3,300 ಅಂತ ಘೋಷಣೆ ಮಾಡಿತು. ಮರುದಿನ ಗೋವಾದಲ್ಲಿ ಗುಕೇಶ್ ಸೋತ. ನಾವು ಗೆಳೆಯರು ಗುಕೇಶನ ಸೋಲಿಗೆ ಅತ್ತೆವು, ಮಾವಾರು ಟನ್ನಿಗೆ ಕಡಿಮೆ ಬಿದ್ದ ಇನ್ನೂರು ರೂಪಾಯಿಯ ಲೆಕ್ಕ ಹಾಕುತ್ತಿದ್ದರು.

ಅಕ್ಕ ಅಡುಗೆಮನೆಯಿಂದಲೇ ಹೇಳಿದಳು. "ಗುಕೇಶನ ಅಪ್ಪ ಕಿವಿ, ಮೂಗಿನ ಡಾಕ್ಟರ. ಅವ್ವನೂ ಕಲತಾಕಿ, ಸೂಕ್ಷ್ಮಜೀವಿ ತಜ್ಞೆ. ಹುಡುಗನ ಹಿಂದ ಅಡ್ಯಾಡಾಕ ಅವನ ಅಪ್ಪ ತನ್ನ ದವಾಖಾನಿ ಕೆಲಸಾನ ಬಿಟ್ಟನಂತ. ನಮ್ಮದು ಕಬ್ಬಿನ ಬಿಲ್ಲ ಯಾವಾಗ ಬರತದ ಅಂತ ಕಾಯೋ ಮನಿ. ಅವಂಗ ಆಗಲಿಲ್ಲ ಅಂದ್ರ ವಾಪಸ ಬರಾಕ ಜಾಗಾ ಇತ್ತು. ಇವಂಗ ಎಲ್ಲೇತಿ?"

"ಅದಕ್ಕ ಹೇಳೂದು, ಇವನೂ ಕಬ್ಬಿನ ಬಿಲ್ಲ ಕಾಯೋದು ಬ್ಯಾಡ ಅಂತ" ಅಂದರು ಮಾವಾರು.

ಇಬ್ಬರೂ ಸುಮ್ಮನಾದರು. ಇಬ್ಬರ ಮಾತೂ ಖರೆ. ನನ್ನ ಮುಖ ನೋಡಿದರು. "ನೀ ಆಡಿದಾಂವ, ನೀ ಹೇಳು" ಅಂದಳು ಅಕ್ಕ. ಹುಡುಗ ಮೂಲೆಯಲ್ಲಿ ಮೊಬೈಲಿನಲ್ಲಿ ಒಗಟು ಬಿಡಿಸುತ್ತ ಕುಂತಿದ್ದ. ಕಿವಿ ಮಾತ್ರ ನಮ್ಮ ಕಡೆಯೇ ಇತ್ತು.

ನನಗೆ ಉತ್ತರ ಗೊತ್ತಿರಲಿಲ್ಲ. ಮಾಸ್ತರರನ್ನು ಕೇಳೋಣ ಅಂದೆ. ನನಗೆ ಚೆಸ್ ಕಲಿಸಿದ ಮಾಸ್ತರರು ನಿವೃತ್ತರಾಗಿ ತಮ್ಮ ಊರು ಹುಕ್ಕೇರಿಯಲ್ಲಿ ಇದ್ದಾರೆ. ಹುಡುಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಗೋಕಾಕ, ಘಟಪ್ರಭಾ ದಾಟಿ ಹೊರಟೆ. ದಾರಿಯಲ್ಲಿ ಅವನು ಒಂದೇ ಪ್ರಶ್ನೆ ಕೇಳಿದ. "ಮಾಮಾ, ನೀ ಯಾಕ ಬಿಟ್ಟಿ?"

ನಾನು ಬಿಟ್ಟ ಕಥೆ ಇಷ್ಟೇ. ನಮ್ಮ ಕಡೆಯ ಹುಡುಗರಿಗೆ ಬೆಂಗಳೂರಿಗಿಂತ ಸಾಂಗಲಿ ಹತ್ತಿರ. ಮರಾಠಿಯವರು ಬುದ್ಧಿಬಳ ಅನ್ನುವ ಈ ಆಟಕ್ಕೆ ಸಾಂಗಲಿ ತವರುಮನೆ ಇದ್ದಂತೆ. ಭಾವುಸಾಹೇಬ ಪಡಸಲಗೀಕರರು ಅಲ್ಲಿ ಕಟ್ಟಿ ಬೆಳೆಸಿದ ನೂತನ ಬುದ್ಧಿಬಳ ಮಂಡಳದಿಂದ ಎಷ್ಟೋ ಆಟಗಾರರು ಬಂದಿದ್ದಾರೆ. ಎಸ್ಸೆಸ್ಸೆಲ್ಸಿ ವರ್ಷ ನಾನೂ ಆ ಊರಿನ ಒಂದು ಟೂರ್ನಿಗೆ ಹೋಗಿದ್ದೆ. ಕೊನೆಯ ಸುತ್ತಿನಲ್ಲಿ ಕೊಲ್ಹಾಪುರದ ಹುಡುಗ ಎದುರಿಗೆ. ಡ್ರಾ ಆದರೂ ನನಗೆ ಬಹುಮಾನ ಇತ್ತು. ಒಂದೊಂದು ಆನೆ, ಮೂರು ಮೂರು ಪ್ಯಾದೆ ಉಳಿದಿದ್ದವು. ನಾನು ಆನೆ ಬದಲಿ ಮಾಡಿದೆ. ಒಂದೇ ಒಂದು ಹೆಜ್ಜೆ ತಡವಾಗಿ ಸೋತೆ. ಮಿರಜ್‌ನಿಂದ ಘಟಪ್ರಭಾಕ್ಕೆ ಬರುವ ರೈಲಿನಲ್ಲಿ ಅಪ್ಪ ಭಡಂಗ ಕೊಡಿಸಿದರು, ಏನೂ ಅನ್ನಲಿಲ್ಲ. ಅವರು ಏನೂ ಅನ್ನದೇ ಇದ್ದದ್ದೇ ನನಗೆ ಜಾಸ್ತಿ ಹತ್ತಿತು. ಜೂನಿನಲ್ಲಿ ಪಿಯುಸಿ ಸೈನ್ಸ್ ಸೇರಿದೆ, ಆಮೇಲೆ ಸಿಇಟಿ, ಇಂಜಿನಿಯರಿಂಗ್, ನೌಕರಿ. ಯಾರೂ ಬಿಡಿಸಲಿಲ್ಲ. ಆ ಆನೆ ಬದಲಿ ಮಾಡಿದವನು ದೊಡ್ಡ ಆಟಗಾರ ಆಗಲಾರ ಅಂತ ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಮಾಸ್ತರರು ಕಟ್ಟೆಯ ಮೇಲೆ ಬೋರ್ಡು ಹಾಸಿಕೊಂಡೇ ಕುಂತಿದ್ದರು. ನಾನು ವಿಷಯ ಹೇಳುವ ಮೊದಲೇ ಹುಡುಗನಿಗೆ "ಬಾರಪಾ, ಕುಂದ್ರು" ಅಂದರು. ಒಂದು ತಾಸು ಆಡಿದರು. ಹುಡುಗ ಸೋತ. ಕಣ್ಣಲ್ಲಿ ನೀರು ಬಂತು, ಅಂಗಿ ತೋಳಿಗೆ ಒರೆಸಿಕೊಂಡ. ಆಮೇಲೆ ಯಾರೂ ಹೇಳದೇ ಕಾಯಿಗಳನ್ನು ಮತ್ತೆ ಜೋಡಿಸಲು ಹತ್ತಿದ. "ಅಜ್ಜಾ, ಇಲ್ಲಿ ಕುದುರಿ ಈ ಕಡೆ ತಂದಿದ್ರ ಏನಾಗ್ತಿತ್ತು?" ಅಂದ.

ಮಾಸ್ತರರು ನನ್ನ ಕಡೆ ನೋಡಿ ನಕ್ಕರು. "ಇದನ್ನ ನಾ ನೋಡಬೇಕಾಗಿತ್ತು. ಗೆಲ್ಲೂದು ಸೋಲೂದು ಹನ್ನೊಂದ ವರ್ಷದ ಹುಡುಗನಾಗ ಏನೂ ಹೇಳೂದಿಲ್ಲ. ಸೋತ ಆಟ ಮತ್ತ ಹಚ್ಚತಾನೋ ಇಲ್ಲೋ ಅದನ್ನ ನೋಡಬೇಕು. ನೀ ಆ ಸಾಂಗಲಿ ಆಟ ಯಾವತ್ತರ ಹಚ್ಚಿ ನೋಡಿದ್ಯೇನು?"

ಇಲ್ಲ ಅಂದೆ. ಹದಿನೈದು ವರ್ಷದಲ್ಲಿ ಒಮ್ಮೆಯೂ ಇಲ್ಲ.

ಸಾಲಿ ಬಿಡಿಸುವ ಮಾತಿಗೆ ಅವರು ಕೈ ಅಡ್ಡ ಆಡಿಸಿದರು. "ಬೋರ್ಡ ಮುಂದ ಕುಂತವಗ ಡ್ರಾ ಕೇಳೋ ಹಕ್ಕ ಇರತದ. ಸಾಲಿ ಬಿಡಿಸಿ ಕಳಿಸಿದ್ರ ಈ ಹುಡುಗಗ ಆ ಹಕ್ಕ ಉಳೀತದೇನು? ನಾಳೆ ಸಾಕ ಅನ್ನಿಸಿದ್ರ ಯಾರ ಮುಂದ ಹೇಳಬೇಕಂವ? ಅಪ್ಪನ ಮುಂದ? ಅಪ್ಪ ಹೊಲದ ಮ್ಯಾಲ ಸಾಲಾ ತಗದಿರತಾನ." ಸ್ವಲ್ಪ ತಡೆದು, "ಹಂಗಂತ ಬಿಡಿಸಲೂ ಬ್ಯಾಡ್ರಿ. ಹುಡುಗನಾಗ ಅದ" ಅಂದರು.

ಅವತ್ತು ರಾತ್ರಿ ಗೋಕಾಕದ ಮನೆಯಲ್ಲಿ ಅವ್ವನ ಟ್ರಂಕು ತೆಗೆದೆ. ಪೇಪರ್ ತುಣುಕಿನ ಕೆಳಗೆ ನನ್ನ ಹಳೆಯ ನೋಟ್‌ಬುಕ್ ಇತ್ತು, ಅದರಲ್ಲಿ ಸಾಂಗಲಿಯ ನಡೆಗಳು. ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ಹಾಕುತ್ತ ಹೋದೆ. ದಿನಾ ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕುವವನು ನಾನು. ಸ್ವಂತ ಆಟಕ್ಕೆ ಎಂಜಿನ್ ಹಚ್ಚುವಾಗ ಕೈ ನಡುಗಿತು ಅಂದರೆ ನಂಬುತ್ತೀರಾ?

ಆನೆ ಬದಲಿ ಮಾಡಿದ ನಡೆಗೆ ಎಂಜಿನ್ ಕೊಟ್ಟ ಅಂಕಿ ಸೊನ್ನೆ. ಬದಲಿ ತಪ್ಪೇ ಆಗಿರಲಿಲ್ಲ! ಅದಾದ ಮೇಲೂ ಆಟ ಡ್ರಾ ಇತ್ತು. ತಪ್ಪಿದ್ದು ಮುಂದಿನ ಎರಡನೇ ನಡೆಯಲ್ಲಿ, ರಾಜನನ್ನು ಎಡಕ್ಕೆ ಒಯ್ಯುವ ಬದಲು ಬಲಕ್ಕೆ ಒಯ್ದಿದ್ದೆ. ಹದಿನೈದು ವರ್ಷ ನಾನು ಮಾಡದ ತಪ್ಪಿನ ಭಾರ ಹೊತ್ತು ತಿರುಗಿದ್ದೆ. ಅವತ್ತೇ ರೈಲಿನಲ್ಲಿ ಕುಂತು ಆಟ ಮತ್ತೊಮ್ಮೆ ಹಚ್ಚಿದ್ದರೆ ಗೊತ್ತಾಗುತ್ತಿತ್ತು. ಗೊತ್ತಾಗಿದ್ದರೆ ನಾನು ಗ್ರಾಂಡ್‌ಮಾಸ್ಟರ್ ಆಗುತ್ತಿದ್ದೆ ಅಂತ ಹೇಳುತ್ತಿಲ್ಲ, ಖಂಡಿತ ಆಗುತ್ತಿರಲಿಲ್ಲ. ಆದರೆ ಆಡುತ್ತ ಇರುತ್ತಿದ್ದೆ. ತೇಜ್‌ಕುಮಾರ್ ಹಾಗೆ ನೌಕರಿ ಮಾಡುತ್ತಲೇ ಭಾನುವಾರ ಭಾನುವಾರ ಯಾವುದೋ ಊರಿನ ಹಾಲಿನಲ್ಲಿ ಬೋರ್ಡಿನ ಮುಂದೆ ಕುಂತಿರುತ್ತಿದ್ದೆ. ಕಳಕೊಂಡದ್ದು ಪ್ರಶಸ್ತಿ ಅಲ್ಲ, ಭಾನುವಾರಗಳು.

ಬೆಂಗಳೂರಿಗೆ ಹೊರಡುವ ಮೊದಲು ಮೂಡಲಗಿಗೆ ಮತ್ತೊಮ್ಮೆ ಹೋದೆ. ಮಾವಾರ ಜೊತೆ ಎರಡು ತಾಸು ಮಾತಾಯಿತು. ಕೊನೆಗೆ ಒಪ್ಪಂದ ಹೀಗೆ: ಹುಡುಗ ಸಾಲಿ ಬಿಡುವುದಿಲ್ಲ. ವಾರಕ್ಕೆ ಮೂರು ದಿನ ಆನ್‌ಲೈನ್ ಕೋಚಿಂಗ್, ಅದರ ಫೀ ನನ್ನದು. ಎರಡು ವಾರಕ್ಕೊಮ್ಮೆ ಶನಿವಾರ ಹುಕ್ಕೇರಿ. ಬೇಸಿಗೆಯಲ್ಲಿ ಒಂದು ತಿಂಗಳು ಬೆಂಗಳೂರಿನಲ್ಲಿ ನನ್ನ ಹತ್ತಿರ, ಟೂರ್ನಿ ಇದ್ದಲ್ಲೆಲ್ಲ ಆಡಿಸುವುದು. ಎಸ್ಸೆಸ್ಸೆಲ್ಸಿ ಆದ ಮೇಲೆ ಮುಂದಿನ ಮಾತು. ಬ್ಯಾಡ ಅನ್ನಿಸಿದ ದಿನ ಹುಡುಗ ಬ್ಯಾಡ ಅನ್ನಬಹುದು, ಯಾರೂ ಯಾಕ ಅಂತ ಕೇಳುವಂತಿಲ್ಲ. ಈ ಕೊನೆಯ ಮಾತಿಗೆ ಮಾವಾರು ಬಹಳ ಹೊತ್ತು ತಲೆ ಹಾಕಲಿಲ್ಲ. "ಟನ್ನಿಗೆ 3,500 ಕೇಳಿದ್ವಿ, 3,300 ಕೊಟ್ರು, ಎದ್ದ ಬಂದ್ವಿ. ಇದೂ ಹಂಗ ಆತು" ಅಂದರು. ಅದರಲ್ಲಿ ಅರ್ಧ ಚಾಷ್ಟಿ, ಅರ್ಧ ಸಿಟ್ಟು. ಈ ಒಪ್ಪಂದ ಸರಿಯೋ ತಪ್ಪೋ ನನಗೂ ಪಕ್ಕಾ ಗೊತ್ತಿಲ್ಲ. ಗುಕೇಶನಂಥವನನ್ನು ನಾವು ಸಾಲಿಯಲ್ಲಿ ಕೂರಿಸಿ ಹಾಳು ಮಾಡುತ್ತಿದ್ದೇವೋ ಅನ್ನುವ ಅಂಜಿಕೆ ಮಾವಾರಿಗೆ ಇದ್ದಷ್ಟೇ ನನಗೂ ಇದೆ.

ಓದುಗರೇ, ನಿಮ್ಮ ಮನೆಯಲ್ಲೂ ಹಾಡುವ, ಓಡುವ, ಲೆಕ್ಕ ಬಿಡಿಸುವ ಒಂದು 'ಭರವಸೆಯ' ಕೂಸು ಇರಬಹುದು. ಭರವಸೆ ಇಡಿ, ಬೇಡ ಅನ್ನುವುದಿಲ್ಲ. ಅದನ್ನು ಕೂಸು ನಿಮಗೆ ಬರೆದುಕೊಟ್ಟ ಸಾಲದ ಚೀಟಿ ಅಂತ ಮಾತ್ರ ತಿಳಿಯಬೇಡಿ.

ಮೊನ್ನೆ ರಾತ್ರಿ ಹುಡುಗನ ಮೆಸೇಜ್ ಬಂತು. ಒಂದು ಬೋರ್ಡಿನ ಚಿತ್ರ, ಒಂದೊಂದು ಆನೆ, ಮೂರು ಮೂರು ಪ್ಯಾದೆ. ಹುಕ್ಕೇರಿ ಅಜ್ಜ ನನ್ನ ಸಾಂಗಲಿ ಆಟವನ್ನು ಅವನಿಗೆ ಪಾಠವಾಗಿ ಕೊಟ್ಟಿದ್ದರಂತೆ. ಕೆಳಗೆ ಬರೆದಿದ್ದ: "ಮಾಮಾ, ಆನಿ ಬದ್ಲಿ ಮಾಡಿದ್ದ ಬರೋಬರಿ ಐತಿ. ಆದ್ರ ರಾಜಾನ್ನ ಆ ಕಡೆ ಯಾಕ ಒಯ್ದಿ?"

ಇನ್ನೂ ಉತ್ತರ ಕಳಿಸಿಲ್ಲ. ಬೋರ್ಡು ಹಚ್ಚಿಟ್ಟುಕೊಂಡಿದ್ದೇನೆ.